"ಲೈಸೆನ್ಸ್ ಇದೆ ಅಣ್ಣ, ನೋಡಿ": ಆನ್‌ಲೈನ್ ಕ್ಯಾಸಿನೋದ ಪಹಣಿ ತೆಗೆಯುವುದು ಹೇಗೆ

ರೋಬಸ್ಟಾ ಕುಯ್ಲು ಮುಗಿದು ಕಣದಲ್ಲಿ ಕಾಫಿ ಒಣಗುವ ಹೊತ್ತು. ನಮ್ಮ ಕಡೆ ಆಗ ರಾತ್ರಿ ಕಾವಲು ಬೇಕೇ ಬೇಕು. ಹಗಲು ಹರಡಿದ್ದನ್ನು ಸಂಜೆ ರಾಶಿ ಮಾಡಿ, ಟಾರ್ಪಾಲ್ ಹೊದಿಸಿ, ಪಕ್ಕದಲ್ಲೇ ಒಬ್ಬರು ಮಲಗುತ್ತಾರೆ. ಪಕ್ಕದ ತೋಟದವರ ಮಗ ಹೀಗೆ ಮಲಗುತ್ತಿದ್ದ. ಕೈಯಲ್ಲಿ ಫೋನು. ನಮ್ಮೂರಲ್ಲಿ ನೆಟ್‌ವರ್ಕ್ ಸರಿಯಾಗಿ ಸಿಗುವ ಕೆಲವೇ ಜಾಗಗಳಲ್ಲಿ ಅವರ ಕಣವೂ ಒಂದು. ಅದೇ ಅವನ ಗ್ರಹಚಾರ.

ಫೆಬ್ರುವರಿಯ ಒಂದು ಬೆಳಿಗ್ಗೆ ಸೋಮವಾರಪೇಟೆಯ ನನ್ನ ಅಂಗಡಿಗೆ ಬಂದ. ಪಹಣಿ, ಆಧಾರ್, ಪಾನ್ ಅಂತ ಅರ್ಜಿ ತುಂಬಿಕೊಡುವ, ಜೆರಾಕ್ಸ್ ಹೊಡೆಯುವ ಅಂಗಡಿ ನನ್ನದು. ಬಂದವನು ಫೋನ್ ಮುಂದೆ ಹಿಡಿದ. ತಿರುಗುವ ಚಕ್ರ, ಬಣ್ಣದ ಬಿಲ್ಲೆಗಳು, ಮೇಲೆ ದೊಡ್ಡದಾಗಿ ₹1,12,000.

"ನಂಗೆ ಬಂದಿರೋ ದುಡ್ಡು ಅಣ್ಣ. ತೆಗೆಯೋಕೆ ಮೊದಲು 30% ಟ್ಯಾಕ್ಸ್ ಕಟ್ಟಬೇಕಂತೆ. 33,600. ಅಪ್ಪನ್ನ ಕೇಳೋಕಾಗಲ್ಲ."

ಸಾಲ ಕೇಳಲು ಬಂದಿದ್ದ. ಇದು ಮೋಸ ಕಣೋ ಅಂದೆ. ಅವನು ಪುಟವನ್ನು ಕೆಳಗಿನ ತನಕ ಎಳೆದು ತೋರಿಸಿದ. ಹಸಿರು ಬಣ್ಣದ ಒಂದು ಸೀಲು, ಪಕ್ಕದಲ್ಲಿ ಒಂದು ನಂಬರು, ಒಂದು ವಿದೇಶಿ ಕಂಪನಿಯ ಹೆಸರು. "ಲೈಸೆನ್ಸ್ ಇದೆ ಅಣ್ಣ, ನೋಡಿ."

ಅವನು ಹಾಕಿದ್ದು ಎಷ್ಟು ಅಂತ ಆಮೇಲೆ ತಿಳಿಯಿತು. ಮೊದಲ ರಾತ್ರಿ ₹500. ಅದೇ ರಾತ್ರಿ ₹1,800 ವಾಪಸ್ ಬಂದಿತ್ತು, ನಿಜವಾಗಿ ಬ್ಯಾಂಕ್ ಖಾತೆಗೇ. ಆ ನಂಬಿಕೆಯ ಮೇಲೆ ನಾಲ್ಕು ದಿನದಲ್ಲಿ ₹40,000.

ಆ ಹಸಿರು ಸೀಲಿನ ಬಗ್ಗೆ ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ತೋರಿಸಿದ ಕಾಗದ ಬೇರೆ, ತೆಗೆದ ಕಾಗದ ಬೇರೆ

ತೋಟ ಕೊಳ್ಳುವಾಗ ನಾವೇನು ಮಾಡುತ್ತೇವೆ? ಮಾರುವವರು ಪಹಣಿಯ ಜೆರಾಕ್ಸ್ ಕೊಡುತ್ತಾರೆ. ಅದನ್ನು ನೋಡಿ ಯಾರಾದರೂ ಅಡ್ವಾನ್ಸ್ ಕೊಡ್ತಾರಾ? ಸರ್ವೆ ನಂಬರ್ ಬರೆದುಕೊಂಡು ಬಂದು, ನಾಡಕಚೇರಿಯಲ್ಲೋ ನನ್ನಂಥವನ ಅಂಗಡಿಯಲ್ಲೋ ಹೊಸದಾಗಿ ಪಹಣಿ ತೆಗೆಸುತ್ತೇವೆ. ಕಾಲಂ 9ರಲ್ಲಿ ಯಾರ ಹೆಸರಿದೆ, ಕಾಲಂ 11ರಲ್ಲಿ ಸಾಲ ಇದೆಯಾ, ತಕರಾರು ಇದೆಯಾ ಅಂತ ನೋಡುತ್ತೇವೆ. ಮಾರುವವರು ತೋರಿಸಿದ ಕಾಗದದಿಂದ ನಮಗೆ ಬೇಕಾದದ್ದು ಆ ನಂಬರ್ ಒಂದೇ. ಮಿಕ್ಕದ್ದನ್ನು ಅದನ್ನು ಕೊಟ್ಟ ಕಚೇರಿಯೇ ಹೇಳಬೇಕು.

ಕ್ಯಾಸಿನೋ ಲೈಸೆನ್ಸ್ ಕೂಡ ಅಷ್ಟೇ. ಪುಟದ ತಳದಲ್ಲಿರುವ ಸೀಲು ಜೆರಾಕ್ಸ್ ಇದ್ದ ಹಾಗೆ. ಅದನ್ನು ಯಾರು ಬೇಕಾದರೂ ಕಾಪಿ ಮಾಡಿ ಅಂಟಿಸಬಹುದು, ಎರಡು ನಿಮಿಷದ ಕೆಲಸ. ಹುಡುಗನ ಫೋನಿನಲ್ಲಿ ಆ ಸೀಲನ್ನು ಒತ್ತಿದೆ. ಏನೂ ಆಗಲಿಲ್ಲ. ಬರೀ ಚಿತ್ರ. ನಿಜವಾದ ಸೀಲನ್ನು ಒತ್ತಿದರೆ ಲೈಸೆನ್ಸ್ ಕೊಟ್ಟ ಸಂಸ್ಥೆಯ ಪುಟ ತೆರೆದುಕೊಳ್ಳುವುದು ವಾಡಿಕೆ. ಆದರೆ ತೆರೆದುಕೊಂಡಿತು ಅಂತ ನಂಬಲೂಬಾರದು. ಆ ಪುಟವನ್ನೂ ನಕಲಿ ಮಾಡಿ ಇಟ್ಟಿರುತ್ತಾರೆ. ಅದಕ್ಕೇ ಸೀಲು ಒತ್ತುವ ಬದಲು, ಬ್ರೌಸರ್‌ನಲ್ಲಿ ಹೊಸ ಪುಟ ತೆರೆದು, ಸಂಸ್ಥೆಯ ವಿಳಾಸವನ್ನು ನೀವೇ ಟೈಪ್ ಮಾಡಿ ಹೋಗಬೇಕು. ಜೂಜಿಗೆ ಲೈಸೆನ್ಸ್ ಕೊಡುವ ಬ್ರಿಟನ್ನಿನ ಗ್ಯಾಂಬ್ಲಿಂಗ್ ಕಮಿಷನ್ ಸರ್ಕಾರಿ ಸಂಸ್ಥೆ, ಹಾಗಾಗಿ ಅದರ ವಿಳಾಸ 'ಡಾಟ್ ಗವ್ ಡಾಟ್ ಯುಕೆ' ಅಂತ ಮುಗಿಯುತ್ತದೆ. ಯುರೋಪಿನ ಪುಟ್ಟ ದೇಶ ಮಾಲ್ಟಾದಲ್ಲಿ ಇದೇ ಕೆಲಸ ಮಾಡುವ ಮಾಲ್ಟಾ ಗೇಮಿಂಗ್ ಅಥಾರಿಟಿಯದ್ದು 'ಡಾಟ್ ಎಂಟಿ' ಅಂತ ಮುಗಿಯುತ್ತದೆ. ಕೊನೆಯಲ್ಲಿ ಇನ್ನೇನೋ ಬಾಲ ಇದ್ದರೆ ಅಲ್ಲೇ ನಿಲ್ಲಿಸಿ.

ಬ್ರೌಸರ್‌ನಲ್ಲಿ ಬೀಗದ ಗುರುತು ಇದೆ, ಹಾಗಾಗಿ ಸೈಟ್ ಅಸಲಿ ಅಂತ ಎಷ್ಟೋ ಜನ ಹೇಳುತ್ತಾರೆ. ಆ ಬೀಗಕ್ಕೂ ಲೈಸೆನ್ಸ್‌ಗೂ ಸಂಬಂಧವೇ ಇಲ್ಲ. ನಿಮ್ಮ ಫೋನಿಗೂ ಆ ಸೈಟಿಗೂ ನಡುವೆ ಮೂರನೆಯವರು ಕದ್ದು ನೋಡುವುದಿಲ್ಲ ಅಂತಷ್ಟೇ ಅದರ ಅರ್ಥ. ಆ ಬೀಗ ಪುಕ್ಕಟೆಯಾಗಿಯೂ ಸಿಗುತ್ತದೆ. ಕಳ್ಳನೂ ತನ್ನ ಮನೆಗೆ ಬೀಗ ಹಾಕಿಕೊಳ್ಳುತ್ತಾನೆ, ಅಲ್ವಾ?

ರಿಜಿಸ್ಟರ್‌ನಲ್ಲಿ ನೋಡುವುದೇನು

ದೊಡ್ಡಮ್ಮನ ಮಗ ಒಬ್ಬ ಇಂಗ್ಲೆಂಡಿನಲ್ಲಿದ್ದಾನೆ. ಅಲ್ಲಿ ಆನ್‌ಲೈನ್ ಜೂಜಿಗೆ ಲೈಸೆನ್ಸ್ ವ್ಯವಸ್ಥೆ ಇದೆ, 2005ರ ಗ್ಯಾಂಬ್ಲಿಂಗ್ ಕಾಯ್ದೆಯ ಅಡಿಯಲ್ಲಿ. ಒಮ್ಮೆ ಅವನು ಫೋನ್ ಮಾಡಿ, ಗೆಳೆಯರು ಆಡುವ ಒಂದು ಸೈಟ್ ಸರಿಯಿದೆಯಾ ನೋಡು ಅಂದ. ನನಗೂ ಕುತೂಹಲ. ಇಬ್ಬರೂ ಆ ಕಡೆ ಈ ಕಡೆ ಕೂತು ಕಮಿಷನ್‌ನ ಪಬ್ಲಿಕ್ ರಿಜಿಸ್ಟರ್ ತೆರೆದೆವು. ಇಂಗ್ಲಿಷ್ ಓದಲು ಬಂದರೆ ಸಾಕು, ಪಹಣಿಗಿಂತ ಸುಲಭ.

ಅಲ್ಲಿ ಕಂಪನಿ ಹೆಸರು ಅಥವಾ ಅಕೌಂಟ್ ನಂಬರ್ ಹಾಕಿ ಹುಡುಕಬಹುದು. ಸಿಕ್ಕ ಕಂಪನಿಯ ಪುಟದಲ್ಲಿ ಅದಕ್ಕೆ ಯಾವ ಯಾವ ಚಟುವಟಿಕೆಗೆ ಲೈಸೆನ್ಸ್ ಇದೆ, ಅದರ ಸ್ಥಿತಿ ಏನು, ಯಾವ ವ್ಯಾಪಾರಿ ಹೆಸರುಗಳಲ್ಲಿ ನಡೆಸುತ್ತದೆ, ಯಾವ ಯಾವ ವೆಬ್ ವಿಳಾಸಗಳಲ್ಲಿ ನಡೆಸುತ್ತದೆ, ಹಿಂದೆ ದಂಡ ಬಿದ್ದಿದೆಯಾ ಅಂತೆಲ್ಲ ಇರುತ್ತದೆ. ನಮ್ಮ ಕಾಲಂ 9, ಕಾಲಂ 11 ಇದ್ದ ಹಾಗೇ.

ಜಾಸ್ತಿ ಜನ ಎಡವುವುದು ಹೆಸರಿನಲ್ಲಿ. ಕಂಪನಿ ಹೆಸರು ರಿಜಿಸ್ಟರ್‌ನಲ್ಲಿ ಸಿಕ್ಕಿತು ಅಂತ ಖುಷಿಪಟ್ಟು ಮುಚ್ಚಿಬಿಡುತ್ತಾರೆ. ಆದರೆ ಆ ಕಂಪನಿಯೇ ಈ ಸೈಟ್ ನಡೆಸುತ್ತಿದೆ ಅಂತ ಯಾರು ಹೇಳಿದರು? ಯಾರದೋ ಅಸಲಿ ಲೈಸೆನ್ಸ್ ನಂಬರನ್ನು ಎತ್ತಿ ತಮ್ಮ ಸೈಟಿನ ಕೆಳಗೆ ಹಾಕಿಕೊಳ್ಳುವುದೇ ಈ ದಂಧೆಯ ಮಾಮೂಲಿ ಉಪಾಯ. ಕೊಡಗಿನವರಿಗೆ ಇದು ಬೇಗ ಅರ್ಥವಾಗಬೇಕು. ಜಮ್ಮಾ ಬಾಣೆಯಲ್ಲಿ, ಅಂದರೆ ಮನೆತನಕ್ಕೆ ಪರಂಪರೆಯಿಂದ ಬಂದ ಜಮೀನಿನಲ್ಲಿ, ಪಹಣಿ ಪಟ್ಟೆದಾರರ ಹೆಸರಿನಲ್ಲಿರುತ್ತದೆ, ತೋಟ ಮಾಡಿಕೊಂಡು ಬಂದವರು ಇನ್ಯಾರೋ ಇರುತ್ತಾರೆ. ಪಹಣಿ ಸುಳ್ಳಲ್ಲ. ಎದುರಿಗೆ ಕೂತು ಮಾರುತ್ತಿರುವವರಿಗೆ ಮಾರುವ ಹಕ್ಕಿದೆಯಾ ಅನ್ನುವುದೇ ಪ್ರಶ್ನೆ.

ಹಾಗಾಗಿ ನಿಮ್ಮ ಫೋನಿನಲ್ಲಿರುವ ವಿಳಾಸವನ್ನು ರಿಜಿಸ್ಟರ್‌ನ ವಿಳಾಸದ ಪಟ್ಟಿಯ ಜೊತೆ ಅಕ್ಷರ ಅಕ್ಷರ ಹೋಲಿಸಬೇಕು. ಹೆಸರಿನ ಕೊನೆಯಲ್ಲಿ ಒಂದು 7 ಸೇರಿಸಿದ್ದರೂ, 'ಡಾಟ್ ಕಾಂ' ಬದಲು 'ಡಾಟ್ ವಿಐಪಿ' ಇದ್ದರೂ ಅದು ಬೇರೆ ಸೈಟ್. ಇಲ್ಲಿ ಸರ್ಕಾರ ಬ್ಲಾಕ್ ಮಾಡಿದಂತೆಲ್ಲ ಈ ಸೈಟ್‌ಗಳು ಹೆಸರಿನ ಹಿಂದೆ ಮುಂದೆ ಅಂಕಿ ಸೇರಿಸಿಕೊಂಡು ಮತ್ತೆ ಹುಟ್ಟುತ್ತವೆ. ಮಿರರ್ ಅನ್ನುತ್ತಾರೆ. ಜಿಎಸ್‌ಟಿ ಗುಪ್ತಚರ ವಿಭಾಗ ಇಂಥ ವಿದೇಶಿ ಜೂಜಿನ 357 ವೆಬ್‌ಸೈಟ್‌ಗಳನ್ನು ಬ್ಲಾಕ್ ಮಾಡಿಸಿದ್ದಾಗಿ 2025ರ ಮಾರ್ಚ್‌ನಲ್ಲಿ ಹಣಕಾಸು ಸಚಿವಾಲಯವೇ ಹೇಳಿತು. ಬ್ಲಾಕ್ ಆದದ್ದರ ತಮ್ಮಂದಿರು ವಾಟ್ಸ್ಆ್ಯಪ್‌ನಲ್ಲಿ ಬರುತ್ತಲೇ ಇರುತ್ತಾರೆ.

ಆಮೇಲೆ ಸ್ಥಿತಿ. ಲೈಸೆನ್ಸ್ ಚಾಲ್ತಿಯಲ್ಲಿದೆಯಾ, ಅಮಾನತಾಗಿದೆಯಾ, ಕಂಪನಿಯೇ ವಾಪಸ್ ಕೊಟ್ಟಿದೆಯಾ, ರದ್ದಾಗಿದೆಯಾ? ರದ್ದಾದ ಲೈಸೆನ್ಸ್‌ಗೂ ನಂಬರ್ ಇದ್ದೇ ಇರುತ್ತದೆ. ಆಮೇಲೆ ಯಾವ ಬಗೆಯದು ಅಂತ ನೋಡಬೇಕು. ಆಟದ ಸಾಫ್ಟ್‌ವೇರ್ ತಯಾರಿಸುವವರಿಗೂ ಲೈಸೆನ್ಸ್ ಇರುತ್ತದೆ, ಗಿರಾಕಿಯಿಂದ ದುಡ್ಡು ತೆಗೆದುಕೊಂಡು ಆಡಿಸುವವರಿಗೂ ಇರುತ್ತದೆ. ಎರಡೂ ಒಂದೇ ಅಲ್ಲ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ತಯಾರಿಸುವ ಫ್ಯಾಕ್ಟರಿಯ ಪರವಾನಗಿ ತೋರಿಸಿ ಕಾಫಿ ವ್ಯಾಪಾರಕ್ಕೆ ಕೂತ ಹಾಗಾಗುತ್ತದೆ. ಮಾಲ್ಟಾದವರು ತಮ್ಮ ಹೆಸರು ಹೇಳಿಕೊಂಡು ನಡೆಯುವ, ತಮಗೆ ಸಂಬಂಧವೇ ಇಲ್ಲದ ಸೈಟ್‌ಗಳ ವಿಳಾಸಗಳನ್ನೂ ಆಗಾಗ ಪ್ರಕಟಿಸುತ್ತಾರೆ. ಅನುಮಾನ ಬಂದರೆ ಅಲ್ಲೂ ಒಮ್ಮೆ ಹುಡುಕಬಹುದು.

ದೊಡ್ಡಮ್ಮನ ಮಗ ಕೇಳಿದ ಸೈಟ್ ಅಸಲಿಯೇ ಆಗಿತ್ತು. "ಹಾಗಾದ್ರೆ ಗೆಲ್ತೀನಾ?" ಅಂತ ಕೇಳಿದ. ಅದಕ್ಕೆ ಆಮೇಲೆ ಬರುತ್ತೇನೆ.

ಎಲ್ಲ ಸೀಲಿಗೂ ಒಂದೇ ತೂಕ ಇಲ್ಲ

ಬ್ರಿಟನ್ನಿನ ಲೈಸೆನ್ಸ್ ಅಂದರೆ ಹಿಂದೆ ಒಂದಷ್ಟು ಕಟ್ಟುಪಾಡು ಇದೆ ಅಂತ ಅರ್ಥ. ಅಲ್ಲಿ 2020ರ ಏಪ್ರಿಲ್‌ನಿಂದ ಕ್ರೆಡಿಟ್ ಕಾರ್ಡಿನಲ್ಲಿ ಜೂಜಾಡುವಂತಿಲ್ಲ. 2025ರಲ್ಲಿ ಚಿತ್ರಗಳು ತಿರುಗಿ ನಿಲ್ಲುವ ಆನ್‌ಲೈನ್ ಸ್ಲಾಟ್ ಆಟಕ್ಕೆ ಒಂದು ಸಲಕ್ಕೆ ಇಷ್ಟೇ ಅಂತ ಮಿತಿ ತಂದರು. 25 ದಾಟಿದವರಿಗೆ 5 ಪೌಂಡ್, 18ರಿಂದ 24ರವರಿಗೆ 2 ಪೌಂಡ್. ನನ್ನನ್ನು ಆಡಲು ಬಿಡಬೇಡಿ ಅಂತ ಆಟಗಾರನೇ ಒಂದು ಕಡೆ ಹೆಸರು ಬರೆಸಿದರೆ, ಅಲ್ಲಿನ ಲೈಸೆನ್ಸ್ ಇರುವ ಆನ್‌ಲೈನ್ ಕಂಪನಿಗಳೆಲ್ಲ ಅವನನ್ನು ಹೊರಗಿಡಬೇಕು. ಗ್ಯಾಮ್‌ಸ್ಟಾಪ್ ಅಂತ ಅದಕ್ಕೆ ಹೆಸರು. ಜಗಳವಾದರೆ ಕೇಳಲು ಮೂರನೆಯವರೂ ಇದ್ದಾರೆ.

ಇನ್ನೊಂದು ತುದಿಯಲ್ಲಿ ಕೋಸ್ಟರಿಕ. ಅಲ್ಲಿ ಆನ್‌ಲೈನ್ ಜೂಜಿಗೆ ಅಂತ ಲೈಸೆನ್ಸೇ ಇಲ್ಲ. ಇರುವುದು ಮಾಮೂಲಿ ಕಂಪನಿ ನೋಂದಣಿ. 'ಕೋಸ್ಟರಿಕದಲ್ಲಿ ನೋಂದಾಯಿತ' ಅಂತ ಬರೆದದ್ದನ್ನು ಓದಿದವರು ಲೈಸೆನ್ಸ್ ಅಂದುಕೊಳ್ಳುತ್ತಾರೆ, ಬರೆದವರಿಗೂ ಬೇಕಾದದ್ದು ಅದೇ.

ನಡುವೆ ಕುರಸಾವ್. ಕೆರಿಬಿಯನ್ ಸಮುದ್ರದ ದ್ವೀಪ, ನೆದರ್ಲೆಂಡ್ಸ್ ರಾಜ್ಯಕ್ಕೆ ಸೇರಿದ್ದು. ವಿದೇಶಿ ಜೂಜಿನ ಸೈಟ್‌ಗಳ ಕೆಳಗೆ ಪದೇ ಪದೇ ಕಾಣುವ ಹೆಸರು ಇದೇ. ಅಲ್ಲಿ ಬಹಳ ವರ್ಷ ಒಂದು ವಿಚಿತ್ರ ಪದ್ಧತಿ ಇತ್ತು. ಬೆರಳೆಣಿಕೆಯ ಕಂಪನಿಗಳಿಗೆ ಸರ್ಕಾರ ಮುಖ್ಯ ಲೈಸೆನ್ಸ್ ಕೊಡುತ್ತಿತ್ತು. ಅವು ಅದರಡಿ ನೂರಾರು ಸೈಟ್‌ಗಳಿಗೆ ಉಪ ಲೈಸೆನ್ಸ್ ಹಂಚುತ್ತಿದ್ದವು. ಒಳಗೇಣಿ ಕೊಟ್ಟ ಹಾಗೆ. ಒಂದೇ ಮುಖ್ಯ ನಂಬರ್ ನೂರಾರು ಸೈಟಿನ ಕೆಳಗೆ. ಯಾರು ಗೇಣಿದಾರ, ಯಾರು ನುಸುಳಿದವ ಅಂತ ಹೊರಗಿನವರಿಗೆ ಗೊತ್ತಾಗುವುದೇ ಕಷ್ಟ. 2024ರ ಡಿಸೆಂಬರ್‌ನಲ್ಲಿ ಹೊಸ ಕಾನೂನು ಬಂದು ಆ ಪದ್ಧತಿಗೆ ಕೊನೆ ಹಾಡಿತು. ಈಗ ಕುರಸಾವ್ ಗೇಮಿಂಗ್ ಅಥಾರಿಟಿ ನೇರವಾಗಿ ಲೈಸೆನ್ಸ್ ಕೊಡುತ್ತದೆ. ಆದರೂ 'ಜೆಎಝಡ್' ಅಂತ ಕೊನೆಯಾಗುವ ಹಳೆಯ ನಂಬರ್‌ಗಳನ್ನು ಅಂಟಿಸಿಕೊಂಡು ಕೂತ ಸೈಟ್‌ಗಳಿವೆ. ಹುಡುಗನ ಫೋನಿನಲ್ಲಿದ್ದದ್ದೂ ಅದೇ ಜಾತಿಯ ನಂಬರು. ಅಥಾರಿಟಿಯ ಪಟ್ಟಿಯಲ್ಲಿ ಆ ವಿಳಾಸ ಹುಡುಕಿದೆ. ಇರಲಿಲ್ಲ.

'ಆಟವನ್ನು ಪರೀಕ್ಷಿಸಲಾಗಿದೆ' ಅನ್ನುವ ಇನ್ನೊಂದು ಸೀಲೂ ಇರುತ್ತದೆ. ಇಕೋಗ್ರಾ, ಜಿಎಲ್‌ಐ ಅಂತ ಪರೀಕ್ಷಾ ಸಂಸ್ಥೆಗಳಿವೆ. ಅವು ನೋಡುವುದು ಆಟದ ಸಾಫ್ಟ್‌ವೇರ್ ಯಾರ ಕಡೆಗೂ ವಾಲದೆ ಅಂಕಿ ಎತ್ತುತ್ತದೆಯಾ ಅಂತ. ನಿಮ್ಮ ದುಡ್ಡು ವಾಪಸ್ ಕೊಡುವವನು ಒಳ್ಳೆಯವನಾ ಅಂತ ಅಲ್ಲ.

ಈಗ ಗೆಲ್ಲುವ ವಿಷಯ. ಯುರೋಪಿನ ಮಾದರಿಯ ರೂಲೆಟ್ ಚಕ್ರದಲ್ಲಿ 37 ಮನೆಗಳು. 1ರಿಂದ 36, ಮತ್ತೊಂದು ಸೊನ್ನೆ. ಒಂದು ಅಂಕಿಗೆ ₹100 ಕಟ್ಟಿ ಗೆದ್ದರೆ ಕಟ್ಟಿದ ನೂರೂ ಸೇರಿ ₹3,600 ಕೈಗೆ ಬರುತ್ತದೆ. ಮನೆಗಳು 37, ಕೊಡುವುದು 36ರ ಲೆಕ್ಕ. ಆ ಒಂದು ಮನೆಯ ವ್ಯತ್ಯಾಸವೇ ಕ್ಯಾಸಿನೋದ ಸಂಬಳ. ನೂರಕ್ಕೆ ಸುಮಾರು ₹2.70. ಅಮೆರಿಕದ ಮಾದರಿಯಲ್ಲಿ ಎರಡು ಸೊನ್ನೆ, 38 ಮನೆ, ನೂರಕ್ಕೆ ₹5.26. ಇದು ಮೋಸವಲ್ಲ, ಆಟ ಇರುವುದೇ ಹಾಗೆ. ಪೂರ್ತಿ ಪ್ರಾಮಾಣಿಕ ಚಕ್ರ, ಪೂರ್ತಿ ಅಸಲಿ ಲೈಸೆನ್ಸ್, ಆದರೂ ಆಡುತ್ತಾ ಹೋದರೆ ದುಡ್ಡು ಆ ಕಡೆಗೇ ಹರಿಯುತ್ತದೆ.

ಬೋನಸ್ಸಿನ ಲೆಕ್ಕವೂ ಇದೇ. '₹1,000 ಬೋನಸ್ ಉಚಿತ' ಅಂತಾರೆ. ಸಣ್ಣ ಅಕ್ಷರದಲ್ಲಿ '35 ಪಟ್ಟು ಆಡಬೇಕು' ಅಂತ ಇರುತ್ತದೆ. ಅಂದರೆ ₹35,000ದಷ್ಟು ಬಾಜಿ ಕಟ್ಟಿದ ಮೇಲೆಯೇ ಆ ದುಡ್ಡು ತೆಗೆಯಬಹುದು. ನೂರಕ್ಕೆ ₹2.70ರಂತೆ ಲೆಕ್ಕ ಹಾಕಿ. ಸರಾಸರಿ ₹945 ಸೋರಿ ಹೋಗುತ್ತದೆ. ಉಚಿತವಾಗಿ ಕೊಟ್ಟ ಸಾವಿರದಲ್ಲಿ ಉಳಿಯುವುದು ₹55.

ಕೂಟುಪುಳ ಸೇತುವೆಯ ಆಚೆ, ಈಚೆ

ಇಷ್ಟೆಲ್ಲ ಹೇಳಿದ ಮೇಲೆ ಹುಡುಗ ಕೇಳಿದ. "ಹಾಗಾದ್ರೆ ನಿಜವಾಗ್ಲೂ ಲೈಸೆನ್ಸ್ ಇರೋದು ಒಂದು ಹುಡುಕಿ ಕೊಡಿ ಅಣ್ಣ."

ಹುಡುಕಿ ಕೊಡಬಹುದು. ಆದರೆ ಅದು ಇಲ್ಲಿ ನಡೆಯುವುದಿಲ್ಲ. ಲೈಸೆನ್ಸ್ ಅಂದಾಗ ಕೇಳಬೇಕಾದದ್ದು ಮೂರು. ಯಾರು ಕೊಟ್ಟರು? ಯಾರಿಗೆ ಕೊಟ್ಟರು? ಎಲ್ಲಿಗೆ ಕೊಟ್ಟರು? ಮೊದಲ ಎರಡನ್ನು ರಿಜಿಸ್ಟರ್ ಹೇಳುತ್ತದೆ. ಮೂರನೆಯದನ್ನು ನಾವು ಕೂತ ಜಾಗ ಹೇಳುತ್ತದೆ.

ವಿರಾಜಪೇಟೆಯಿಂದ ಪೆರುಂಬಾಡಿ ದಾಟಿ ಮಾಕುಟ್ಟ ಘಾಟಿ ಇಳಿದರೆ ಕೂಟುಪುಳ. ಆಚೆ ಕೇರಳ. ಅಲ್ಲಿ ಅಂಗಡಿ ಮುಂದೆ ಲಾಟರಿ ಟಿಕೆಟ್ ಸಾಲಾಗಿ ನೇತಾಡುತ್ತಿರುತ್ತವೆ. ಅಸಲಿ ಟಿಕೆಟ್, ಕೇರಳ ಸರ್ಕಾರವೇ 1967ರಿಂದ ನಡೆಸಿಕೊಂಡು ಬಂದ ಲಾಟರಿ. ಅದೇ ಟಿಕೆಟನ್ನು ಸೇತುವೆಯ ಈ ಕಡೆ ತಂದು ಮಾರಿದರೆ ಕೇಸ್. ಕರ್ನಾಟಕ 2007ರಲ್ಲಿ ಲಾಟರಿಯನ್ನು ಪೂರ್ತಿ ನಿಲ್ಲಿಸಿತು. ಟಿಕೆಟ್ ಬದಲಾಗಲಿಲ್ಲ, ಸರ್ಕಾರದ ಸೀಲೂ ಬದಲಾಗಲಿಲ್ಲ. ಹೊಳೆ ದಾಟಿತು, ಅಷ್ಟೇ. ಮಾಲ್ಟಾದ ಲೈಸೆನ್ಸ್ ಎಷ್ಟೇ ಅಸಲಿಯಾದರೂ ಸೋಮವಾರಪೇಟೆಗೆ ಬಂದರೆ ಅದರ ಗತಿ ಇದೇ.

ಈಗ ಇಡೀ ದೇಶಕ್ಕೆ ಒಂದೇ ಕಾನೂನು ಇದೆ. ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆ, 2025. ಆಗಸ್ಟ್ 20ರಂದು ಲೋಕಸಭೆ, 21ರಂದು ರಾಜ್ಯಸಭೆ, 22ರಂದು ರಾಷ್ಟ್ರಪತಿಗಳ ಅಂಕಿತ. ಮೂರೇ ದಿನ. ನಮ್ಮ ಒಂದು ಪೋಡಿ ಅರ್ಜಿಗೆ ಎಷ್ಟು ವರ್ಷ ಬೇಕು ಅಂತ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ. ಇರಲಿ.

ದುಡ್ಡು ಕಟ್ಟಿ, ದುಡ್ಡು ಗೆಲ್ಲುವ ಆಸೆಯಿಂದ ಆಡುವ ಆನ್‌ಲೈನ್ ಆಟ ಯಾವುದೇ ಇರಲಿ, ಈ ಕಾಯ್ದೆಯ ಪ್ರಕಾರ ಅದನ್ನು ನಡೆಸುವಂತಿಲ್ಲ. ಅದೃಷ್ಟದ ಆಟವೋ, ಕೌಶಲದ ಆಟವೋ ಅಂತ ಕೇಳುವುದೇ ಇಲ್ಲ. ನಡೆಸಿದವರಿಗೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ. ಜಾಹೀರಾತು ಮಾಡಿದವರಿಗೆ 2 ವರ್ಷ, 50 ಲಕ್ಷ. ಬ್ಯಾಂಕುಗಳು, ಪಾವತಿ ಕಂಪನಿಗಳು ಇದಕ್ಕೆ ದುಡ್ಡು ಸಾಗಿಸುವಂತಿಲ್ಲ. ಹೊರದೇಶದಲ್ಲಿ ಕೂತು ಇಲ್ಲಿಯವರಿಗೆ ಆಡಿಸಿದರೂ ಇದೇ ಅನ್ವಯ. ಆಡಿದವರಿಗೆ ಈ ಕಾಯ್ದೆಯಲ್ಲಿ ಶಿಕ್ಷೆ ಇಲ್ಲ. ಅವರನ್ನು ಮೋಸ ಹೋದವರು ಅಂತಲೇ ನೋಡಲಾಗಿದೆ. ಕಂಪನಿಗಳು ಇದನ್ನು ಪ್ರಶ್ನಿಸಿ ಕೋರ್ಟಿಗೆ ಹೋದವು, ಬೇರೆ ಬೇರೆ ಹೈಕೋರ್ಟ್‌ಗಳಲ್ಲಿದ್ದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್‌ನಲ್ಲಿ ತನ್ನ ಬಳಿ ತರಿಸಿಕೊಂಡಿತು.

ಅಂದರೆ, ಕೊಡಗಿನಲ್ಲಿ ಕೂತು ದುಡ್ಡು ಕಟ್ಟಿ ಆಡುವವರಿಗೆ 'ಸರಿಯಾದ ಲೈಸೆನ್ಸ್ ಇರುವ ಆನ್‌ಲೈನ್ ಕ್ಯಾಸಿನೋ' ಅನ್ನುವ ವಸ್ತುವೇ ಇಲ್ಲ. ಅದನ್ನು ಕೊಡುವ ಕಚೇರಿಯೇ ದೇಶದಲ್ಲಿ ಇಲ್ಲ. ಹಾಗಿರುವಾಗ ಯಾರಾದರೂ 'ಭಾರತದಲ್ಲಿ ಲೈಸೆನ್ಸ್ ಪಡೆದ ಕ್ಯಾಸಿನೋ ಆ್ಯಪ್' ಅಂದರೆ ಮುಂದಿನ ಪರೀಕ್ಷೆ ಬೇಕಾಗಿಯೇ ಇಲ್ಲ, ಆ ಮಾತೇ ಸುಳ್ಳಿನ ಗುರುತು.

ಆದರೂ ಕೆಲವು ಹೆಸರುಗಳನ್ನು ಮುಂದೆ ಮಾಡುತ್ತಾರೆ. 'ಗೋವಾ ಲೈಸೆನ್ಸ್ ಇದೆ' ಅನ್ನುವುದು ಒಂದು. ಗೋವಾದಲ್ಲಿ ಕ್ಯಾಸಿನೋ ಇರುವುದು ನಿಜ, ಮಾಂಡೋವಿ ನದಿಯ ಮೇಲಿನ ಹಡಗುಗಳಲ್ಲಿ, ಕೆಲವು ಹೋಟೆಲ್‌ಗಳಲ್ಲಿ. ಆ ಅನುಮತಿ ಆ ಹಡಗಿಗೆ, ಆ ಹೋಟೆಲ್ಲಿಗೆ. ನಿಮ್ಮ ಫೋನಿಗಲ್ಲ. 'ಸಿಕ್ಕಿಂ' ಅಂತಾರೆ. ಸಿಕ್ಕಿಂ 2008ರಲ್ಲೇ ಆನ್‌ಲೈನ್ ಆಟಕ್ಕೆ ಕಾನೂನು ಮಾಡಿತ್ತು, ಆದರೆ ಆಮೇಲೆ ಅದನ್ನು ತನ್ನ ಗಡಿಯೊಳಗಿನ ಕೇಂದ್ರಗಳಿಗೆ ಸೀಮಿತ ಮಾಡಿಕೊಂಡಿತು. 'ನಾಗಾಲ್ಯಾಂಡ್' ಅಂದರೆ ಅದು ಕೌಶಲದ ಆಟಗಳಿಗೆ ಮಾಡಿದ ಕಾನೂನು, ತಿರುಗುವ ಚಕ್ರಕ್ಕಲ್ಲ. 'ಕರ್ನಾಟಕ ಹೈಕೋರ್ಟೇ ಸರಿ ಅಂದಿದೆ' ಅನ್ನುವುದು ಇನ್ನೊಂದು. ನಮ್ಮ ರಾಜ್ಯ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ದುಡ್ಡಿನ ಆನ್‌ಲೈನ್ ಆಟ ನಿಷೇಧಿಸಿತ್ತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಆ ಅಂಶಗಳನ್ನು ತಳ್ಳಿಹಾಕಿದ್ದು ಹೌದು. ಆದರೆ ಅಲ್ಲಿನ ಮಾತು ಕೌಶಲದ ಆಟದ ಬಗ್ಗೆ. ಕ್ಯಾಸಿನೋಗೆ ಯಾವ ಕೋರ್ಟೂ ಕೈಯೆತ್ತಿ ಆಶೀರ್ವಾದ ಮಾಡಿರಲಿಲ್ಲ.

ದುಡ್ಡು ಹೋಗುವ ದಾರಿ ನೋಡಿ

ಲೈಸೆನ್ಸ್, ರಿಜಿಸ್ಟರ್ ಎಲ್ಲ ತಲೆಗೆ ಹತ್ತದಿದ್ದರೆ ಒಂದೇ ಒಂದು ನೋಡಿ. ದುಡ್ಡು ಕಟ್ಟುವಾಗ ಯುಪಿಐ ಪರದೆಯಲ್ಲಿ ಯಾರ ಹೆಸರು ಬರುತ್ತದೆ?

ಹುಡುಗನ ಫೋನಿನಲ್ಲಿ ಹಳೆಯ ಪಾವತಿಗಳನ್ನು ಒಂದೊಂದಾಗಿ ತೆರೆದೆ. ಒಂದು ಸಲ ಯಾವುದೋ 'ಟ್ರೇಡರ್ಸ್'. ಇನ್ನೊಂದು ಸಲ ಒಂದು ಹೆಂಗಸಿನ ಹೆಸರು. ಮತ್ತೊಂದು ಸಲ ಒಂದು ಮೊಬೈಲ್ ರಿಪೇರಿ ಅಂಗಡಿ. ಒಂದೇ ಕ್ಯಾಸಿನೋ, ಏಳು ಪಾವತಿ, ಏಳು ಹೆಸರು. ಸೈಟಿನ ಕೆಳಗೆ ಬರೆದಿದ್ದ ವಿದೇಶಿ ಕಂಪನಿಯ ಹೆಸರು ಒಂದರಲ್ಲೂ ಇಲ್ಲ.

ಇವು ಬಾಡಿಗೆ ಖಾತೆಗಳು. ಕಾಲೇಜು ಹುಡುಗರು, ಕೂಲಿಯವರು, ಸಾಲದಲ್ಲಿರುವವರು, ಇಂಥವರ ಹೆಸರಿನಲ್ಲಿ ಖಾತೆ ತೆರೆಸಿ, ಪಾಸ್‌ಬುಕ್, ಎಟಿಎಂ, ಸಿಮ್ ಎಲ್ಲ ದಂಧೆಯವರು ಇಟ್ಟುಕೊಳ್ಳುತ್ತಾರೆ. ತಿಂಗಳಿಗೆ ಒಂದಿಷ್ಟು ಕೊಡುತ್ತಾರೆ. ಪೊಲೀಸರು ಹಿಡಿಯುವುದು ಮೊದಲು ಖಾತೆ ಕೊಟ್ಟವನನ್ನು. ಲೈಸೆನ್ಸ್ ಇರುವ ಕಂಪನಿ ತನ್ನ ಹೆಸರಿನಲ್ಲೇ ದುಡ್ಡು ತೆಗೆದುಕೊಳ್ಳುತ್ತದೆ, ಇನ್ನೊಬ್ಬರ ರಿಪೇರಿ ಅಂಗಡಿಯ ಹೆಸರು ಅದಕ್ಕೆ ಯಾಕೆ ಬೇಕು?

'ವಾಟ್ಸ್ಆ್ಯಪ್‌ನಲ್ಲಿ ಐಡಿ ಕೊಡ್ತೀವಿ' ಅನ್ನುವವರದ್ದೂ ಇದೇ ಕಥೆ. ಆ್ಯಪ್ ಪ್ಲೇಸ್ಟೋರಿನಲ್ಲಿ ಇಲ್ಲ, ಲಿಂಕ್ ಕಳಿಸ್ತೀವಿ, ಎಪಿಕೆ ಫೈಲ್ ಹಾಕಿಕೊಳ್ಳಿ ಅಂದರಂತೂ ಹಾಕಿಕೊಳ್ಳಲೇಬೇಡಿ. ಅದು ಮೆಸೇಜ್ ಓದುವ ಅನುಮತಿ ಕೇಳಿ ಪಡೆದರೆ ನಿಮ್ಮ ಒಟಿಪಿ ಎಲ್ಲ ಅವರ ಕೈಗೆ.

ಇನ್ನು ಆ 33,600. 2023ರ ಏಪ್ರಿಲ್ 1ರಿಂದ ಆನ್‌ಲೈನ್ ಆಟದ ನಿವ್ವಳ ಗೆಲುವಿನ ಮೇಲೆ 30% ಟಿಡಿಎಸ್ ಅನ್ನುವ ನಿಯಮ ಬಂದಿತು. ಮೋಸಗಾರರು ಅದನ್ನೇ ಹಿಡಿದುಕೊಂಡಿದ್ದಾರೆ, ಕೇಳಲು ಸತ್ಯದ ಹಾಗೇ ಇರುತ್ತದೆ. ಆದರೆ ಟಿಡಿಎಸ್ ಅಂದರೆ ಕೊಡುವವರು ಮುರಿದುಕೊಂಡು ಕೊಡುವುದು. ನಿಮ್ಮ ದುಡ್ಡು 1,12,000 ಅವರ ಬಳಿಯೇ ಇದ್ದರೆ ಅದರಲ್ಲೇ ಮುರಿದುಕೊಳ್ಳಲಿ. ಮೇಲಿಂದ ಕಟ್ಟಿ ಅಂತ ಯಾಕೆ ಕೇಳಬೇಕು? ಹುಡುಗನಿಗೆ ಬಾಕಿ ಎಲ್ಲಕ್ಕಿಂತ ಈ ಒಂದು ಮಾತು ಸರಿಯಾಗಿ ನಾಟಿತು. ಕಾಫಿ ಡೀಲರ್ ಕಮಿಷನ್ ಮುರಿದುಕೊಂಡು ಬಾಕಿ ಕೊಡುತ್ತಾನೆ, ಮೊದಲು ಕಮಿಷನ್ ತಂದುಕೊಡು ಆಮೇಲೆ ಕಾಫಿ ದುಡ್ಡು ಕೊಡ್ತೀನಿ ಅನ್ನಲ್ಲ. ಸ್ವಲ್ಪ ಹೊತ್ತು ಸುಮ್ನೆ ಕೂತ. ಆಮೇಲೆ, "ಹಾಗಾದ್ರೆ ಆ ಒಂದು ಲಕ್ಷ ಇಲ್ವಾ?" ಅಂದ. ಅದು ಪರದೆಯ ಮೇಲಿನ ಅಂಕಿ, ಯಾವತ್ತೂ ಇರಲಿಲ್ಲ ಅಂದೆ.

ಮೋಸ ಅಂತ ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಕೇಂದ್ರ ಸರ್ಕಾರದ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ಕೊಡಬಹುದು. ಎಷ್ಟು ಬೇಗ ಹೇಳಿದರೆ ಅಷ್ಟು ಒಳ್ಳೆಯದು, ದುಡ್ಡು ಖಾತೆಯಿಂದ ಖಾತೆಗೆ ಹಾರುವ ಮುಂಚೆ ತಡೆಹಿಡಿಯಬಹುದು. ಪಾವತಿಯ ಯುಟಿಆರ್ ನಂಬರ್ (ಪ್ರತಿ ವಹಿವಾಟಿಗೆ ಬರುವ ಗುರುತಿನ ಸಂಖ್ಯೆ), ದಿನ, ಸಮಯ, ಚಾಟ್‌ನ ಸ್ಕ್ರೀನ್‌ಶಾಟ್ ಇಟ್ಟುಕೊಂಡಿರಿ. ನಾಚಿಕೆಯಿಂದ ಚಾಟ್ ಅಳಿಸಿಬಿಡುವವರೇ ಜಾಸ್ತಿ. ಆಟ ಬಿಡಲಾಗುತ್ತಿಲ್ಲ, ರಾತ್ರಿ ನಿದ್ದೆ ಇಲ್ಲ ಅನ್ನುವವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಫೋನು, ಗೇಮಿನ ಗೀಳಿಗೆಂದೇ ಶಟ್ ಅಂತ ಒಂದು ಕ್ಲಿನಿಕ್ ಕೂಡ ಇದೆ.

ಆವತ್ತೇ ನನ್ನ ಅಂಗಡಿಯಲ್ಲೇ ಕೂರಿಸಿ 1930ಕ್ಕೆ ಮಾಡಿಸಿದೆ. ಕೊನೆಯ ಪಾವತಿಯ ₹6,000 ಆ ಕಡೆ ಖಾತೆಯಲ್ಲಿ ಸಿಕ್ಕಿಬಿತ್ತು. ಮಿಕ್ಕದ್ದು ಹೋಗಿತ್ತು.

ನಾವು ಯೋಚಿಸದೆ ಇದ್ದ ಪೆಟ್ಟು ಏಪ್ರಿಲ್‌ನಲ್ಲಿ ಬಂತು. ಅವನ ಅಪ್ಪ, ನಾನು ಮಾವ ಅಂತ ಕರೆಯುವವರು, ಒಣಗಿದ ಕಾಫಿ ಚೆರ್ರಿ ಮಾರಿದ ದುಡ್ಡು ಖಾತೆಗೆ ಬಿದ್ದಿದೆಯಾ ನೋಡಲು ಬ್ಯಾಂಕಿಗೆ ಹೋದರು. ಖಾತೆಗೆ ತಡೆ ಬಿದ್ದಿತ್ತು. ಮಗ ಆಡಿದ್ದು ಅಪ್ಪನ ಖಾತೆಗೆ ಜೋಡಿಸಿದ್ದ ಯುಪಿಐಯಲ್ಲಿ. ಮೊದಲ ರಾತ್ರಿ 'ಗೆದ್ದು' ಬಂದ ಆ ₹1,800, ಬೇರೆ ರಾಜ್ಯದ ಯಾರೋ ಒಬ್ಬರು ಮೋಸ ಹೋಗಿ ಕಳೆದುಕೊಂಡ ದುಡ್ಡಿನ ತುಂಡು. ಅವರು ದೂರು ಕೊಟ್ಟಿದ್ದರು. ಅಲ್ಲಿನ ಸೈಬರ್ ಠಾಣೆ ದುಡ್ಡು ಹರಿದ ದಾರಿ ಹಿಡಿದು ಬಂದು, ಕೊನೆಯಲ್ಲಿ ಸೋಮವಾರಪೇಟೆ ತಾಲ್ಲೂಕಿನ ಒಬ್ಬ ಕಾಫಿ ಬೆಳೆಗಾರನ ಖಾತೆಗೆ ತಡೆ ಹಾಕಿಸಿತ್ತು.

ಮಾವ ಬ್ಯಾಂಕಿನಿಂದ ನೇರ ನನ್ನ ಅಂಗಡಿಗೆ ಬಂದರು. ಕೈಯಲ್ಲಿ ಬ್ಯಾಂಕಿನವರು ಬರೆದುಕೊಟ್ಟ ದೂರಿನ ನಂಬರ್, ಠಾಣೆಯ ಇಮೇಲ್. "ಇದಕ್ಕೊಂದು ಅರ್ಜಿ ಬರೀಬೇಕಂತೆ, ಇಂಗ್ಲಿಷಿನಲ್ಲಿ" ಅಂದರು. ಮಗನ ಯುಪಿಐ ವಿವರ, 1930ರ ದೂರಿನ ಪ್ರತಿ, ಕಾಫಿ ಡೀಲರ್ ಕೊಟ್ಟ ಬಿಲ್ಲು, ಪಹಣಿ, ಎಲ್ಲ ಸ್ಕ್ಯಾನ್ ಮಾಡಿ ಕಳಿಸಿದೆವು. ತಡೆ ₹1,800ಕ್ಕೆ ಇಳಿದು ಬಾಕಿ ದುಡ್ಡು ಕೈಗೆ ಬರುವಷ್ಟರಲ್ಲಿ ಮೇ ಮುಗಿದು, ತೋಟಕ್ಕೆ ಗೊಬ್ಬರ ಹಾಕುವ ಹೊತ್ತು ದಾಟಿತ್ತು.